ಎತ್ತರಕ್ಕೆ ಒಗ್ಗುವುದು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ—ಈ ಮೂರೂರಿನವರಿಗೆ ಬೆಟ್ಟದ ಬಳಕೆ ಕಡಿಮೆ. ನಮ್ಮದು ಎರೆಹೊಲ, ಮಸಾರಿ, ಅಲ್ಲೊಂದು ಇಲ್ಲೊಂದು ಬೋಳುಗುಡ್ಡಗಳ ನಾಡು. ಹಾವೇರಿಯ ನೆಲ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಮೇಲಿದೆ. ರಾಣೇಬೆನ್ನೂರು ಅದಕ್ಕಿಂತ ಒಂದೆರಡು ತೆಂಗಿನ ಮರಗಳಷ್ಟು ಎತ್ತರವಿದ್ದೀತು. ದೇವರಗುಡ್ಡದಲ್ಲಿ ಕಾರಣಿಕದ ದಿನ ವ್ರತ ಹಿಡಿದು ಬಿಲ್ಲನ್ನೇರುವ ಗೊರವಯ್ಯನವರೇ ನಾವು ಬಾಲ್ಯದಲ್ಲಿ ಕಂಡ ದೊಡ್ಡ ಆರೋಹಿಗಳು. ಹಿಮಾಲಯವೆಂಬುದು ನಮಗೆ ಸಂಸ್ಕೃತ ತರಗತಿಯ ಕುಮಾರಸಂಭವದಲ್ಲಿ ಸ್ವಲ್ಪ, ಬದರಿ ಕೇದಾರಗಳಿಗೆ ಹೋಗಿ ಬಂದ ಹಿರಿಯರು ತಂದ ಗಂಗೆಯ ಗಿಂಡಿಯಲ್ಲಿ ಸ್ವಲ್ಪ ದೊರೆತ ವಸ್ತು.

ಇಂಥ ನೆಲದ ಮೂವರು, ಎಲ್ಲರೂ ಐವತ್ತರ ಆಚೀಚಿನವರು, 2023ರ ಅಕ್ಟೋಬರಿನಲ್ಲಿ ನೇಪಾಳದ ಖುಂಬು ಸೀಮೆಗೆ ಹೋದೆವು. ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ದಲಾಲರು. ಇನ್ನೊಬ್ಬರು ಹಾವೇರಿಯವರು, ದಿನವೂ ನಸುಕಿನಲ್ಲಿ ಹೆಗ್ಗೆರೆಯ ಕಡೆ ಓಡಿ ಬರುವವರು, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗರು. ಮೂರನೆಯವನು ರಾಣೇಬೆನ್ನೂರಿನಲ್ಲಿ ಪಾಠ ಹೇಳಿಕೊಂಡಿರುವ ನಾನು. ನಾವು ಹತ್ತಬೇಕೆಂದಿದ್ದ ಶಿಖರಕ್ಕೆ ಐಲ್ಯಾಂಡ್ ಪೀಕ್ ಎಂದು ಹೆಸರು. ಎತ್ತರ ಸುಮಾರು 6,160 ಮೀಟರು. ಎರಿಕ್ ಶಿಪ್ಟನ್ನರ ತಂಡ ಆ ಕಣಿವೆಯನ್ನು ನೋಡಿದಾಗ, ಹಿಮದ ಕಡಲಿನ ನಡುವೆ ಒಂದು ನಡುಗಡ್ಡೆಯಂತೆ ಕಂಡದ್ದರಿಂದ ಈ ಹೆಸರಿಟ್ಟಿತು. 1983ರಲ್ಲಿ ಅದಕ್ಕೆ ಇಮ್ಜಾ ತ್ಸೆ ಎಂದು ಮರುನಾಮಕರಣವಾಯಿತು. ಆದರೂ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಹೊಸಬರೂ ಏರಬಹುದಾದ ಶಿಖರವೆಂದು ಇದರ ಖ್ಯಾತಿ. 1978ರಲ್ಲಿ ನೇಪಾಳ ಸರಕಾರ 18 ಶಿಖರಗಳಿಗೆ ಪರವಾನಿಗೆ ಕೊಡುವ ಅಧಿಕಾರವನ್ನು ಅಲ್ಲಿಯ ಪರ್ವತಾರೋಹಣ ಸಂಘಕ್ಕೆ ಒಪ್ಪಿಸಿತು. ಅವುಗಳಿಗೆ ‘ಟ್ರೆಕಿಂಗ್ ಪೀಕ್’ ಎಂಬ ಹೆಸರು ಬಿದ್ದಿತು. ಈ ಹೆಸರು ಎಷ್ಟೋ ಜನರನ್ನು ಮೋಸಗೊಳಿಸಿದೆ ಎಂದು ನನ್ನ ಎಣಿಕೆ. ಕೈಬೀಸಿಕೊಂಡು ನಡೆದು ಹೋಗಬಹುದೆಂದು ಅದರ ಅರ್ಥವಲ್ಲ. ದೊಡ್ಡ ಶಿಖರಗಳಿಗಿಂತ ಕಾಗದಪತ್ರದ ತೊಡಕು ಕಡಿಮೆ ಎಂಬಷ್ಟೇ ಅರ್ಥ.

ಇನ್ನು ಗಾಳಿಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು; ಈ ಯಾತ್ರೆಯ ಮರ್ಮವೆಲ್ಲ ಅದರಲ್ಲಿದೆ. ಮೇಲೆ ಹೋದಂತೆ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ನಾವು ಸಡಿಲವಾಗಿ ಹೇಳುತ್ತೇವೆ. ನಿಜವಾಗಿ ಗಾಳಿಯಲ್ಲಿ ಅದರ ಪಾಲು ಹಾವೇರಿಯಲ್ಲೂ ಎವರೆಸ್ಟಿನ ಮೇಲೂ ನೂರಕ್ಕೆ 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. 5,500 ಮೀಟರಿನ ಸುಮಾರಿಗೆ ಅದು ಸಮುದ್ರತೀರದ ಅರ್ಧಕ್ಕೆ ಬರುತ್ತದೆ. ಎಂದರೆ ಒಂದು ಉಸಿರಿನಲ್ಲಿ ದಕ್ಕುತ್ತಿದ್ದುದಕ್ಕೆ ಅಲ್ಲಿ ಎರಡು ಉಸಿರು ಬೇಕು. ನಮ್ಮನ್ನು ಈ ಬಯಲಿನಿಂದ ಎತ್ತಿ ಒಮ್ಮೆಲೇ ಅಲ್ಲಿ ಇಳಿಸಿದರೆ ಜೀವಕ್ಕೇ ಅಪಾಯ. ಆದರೆ ದೇಹಕ್ಕೆ ಕಾಲಾವಕಾಶ ಕೊಟ್ಟರೆ ಅದು ತಾನಾಗಿಯೇ ಉಪಾಯ ಹುಡುಕಿಕೊಳ್ಳುತ್ತದೆ. ಮೊದಲು ಉಸಿರಾಟ ಚುರುಕಾಗುತ್ತದೆ. ಅದರಿಂದ ರಕ್ತದಲ್ಲಿ ಕ್ಷಾರಗುಣ ಹೆಚ್ಚುತ್ತದೆ. ಅದನ್ನು ಮೂತ್ರಪಿಂಡಗಳು ಕೆಲವು ದಿನಗಳಲ್ಲಿ ತಿದ್ದುತ್ತವೆ. ಕೆಂಪು ರಕ್ತಕಣಗಳು ಹೆಚ್ಚುವುದಕ್ಕೆ ವಾರಗಳೇ ಬೇಕು. ಆದುದರಿಂದ 3,000 ಮೀಟರು ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ತಂಗಬೇಕು ಎಂಬುದು ವೈದ್ಯರ ನಿಯಮ. ಹಗಲು ಮೇಲೆ ಹತ್ತು, ರಾತ್ರಿ ಕೆಳಗೆ ಮಲಗು ಎಂಬುದು ಬೆಟ್ಟದವರ ನಿಯಮ.

ಹೀಗಾಗಿ ಶಿಖರಕ್ಕಿಂತ ಮೊದಲು ಸುಮಾರು ಹತ್ತು ಹನ್ನೆರಡು ದಿನಗಳ ನಡಿಗೆ. ಮಂಥಲಿಯಿಂದ ಪುಟ್ಟ ವಿಮಾನದಲ್ಲಿ 2,860 ಮೀಟರಿನ ಲುಕ್ಲಾ. ಅಲ್ಲಿಂದ 3,440 ಮೀಟರಿನ ನಾಮ್ಚೆ ಬಜಾರ್. ತೆಂಗ್‌ಬೋಚೆಯ ಬೌದ್ಧ ಮಠ. ಬಳಿಕ ದಿಂಗ್‌ಬೋಚೆ, ಲೋಬುಚೆ, ಗೋರಕ್‌ಶೇಪ್. ಸುಮಾರು 5,550 ಮೀಟರಿನ ಕಾಲಾಪತ್ಥರ್ ಎಂಬ ದಿಬ್ಬವನ್ನೇರಿ ಎವರೆಸ್ಟನ್ನು ನೋಡುವುದು. ಮತ್ತೆ ಕೆಳಗಿಳಿದು ಬೇರೊಂದು ಕಣಿವೆ ಹಿಡಿದು ಶಿಖರದ ಬುಡಕ್ಕೆ ಹೋಗುವುದು. ನಮ್ಮ ಮಾರ್ಗದರ್ಶಕರು ಶೆರ್ಪಾ ಮನೆತನದವರು, ನಲವತ್ತರ ಪ್ರಾಯ, ಮಾತು ಕಡಿಮೆ. ದಿನಕ್ಕೆ ನೂರು ಸಲವಾದರೂ ಅವರು ಹೇಳುತ್ತಿದ್ದ ಮಾತು ಒಂದೇ: “ಬಿಸ್ತಾರೈ, ದಾಯಿ, ಬಿಸ್ತಾರೈ.” ನಿಧಾನ ಅಣ್ಣಾ, ನಿಧಾನ.

ಒಂದು ಸಂಗತಿ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಅಷ್ಟು ಎತ್ತರದಲ್ಲಿ ಹಸಿವು ಸಾಯುತ್ತದೆ. ನೀರು 83 ಡಿಗ್ರಿಗೇ ಕುದಿದುಬಿಡುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯುವುದಿಲ್ಲ. ಬ್ಯಾಡಗಿಯ ಮಿತ್ರರು ಕಟ್ಟಿ ತಂದಿದ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಮತ್ತು ಕೆಂಪು ಖಾರ ನಮ್ಮನ್ನು ಕಾಪಾಡಿದವು ಎಂದರೆ ಅತಿಶಯೋಕ್ತಿಯಲ್ಲ. ಶೆರ್ಪಾ ಮನೆಗಳಲ್ಲಿ ಆಲೂಗಡ್ಡೆಯ ರೊಟ್ಟಿ ಮಾಡುತ್ತಾರೆ. ಅದಕ್ಕೆ ಬ್ಯಾಡಗಿಯ ಖಾರ ಹಚ್ಚಿದಾಗ ಮನೆಯೊಡತಿ ರುಚಿ ನೋಡಿ, ಬಣ್ಣ ಇಷ್ಟು ಕೆಂಪು, ಖಾರ ಇಷ್ಟೇನೇ ಎಂದು ನಕ್ಕಳು. ದಲಾಲರಿಗೆ ಬಂದ ಉತ್ಸಾಹವನ್ನು ಏನೆಂದು ಹೇಳಲಿ! ಡಬ್ಬಿ, ಕಡ್ಡಿಗಳ ಭೇದ, 2011ರಲ್ಲಿ ದೊರೆತ ಭೌಗೋಳಿಕ ಸೂಚಿಯ ಮನ್ನಣೆ, ಎಲ್ಲವನ್ನೂ ತಮ್ಮ ಹಿಂದಿಯಲ್ಲಿ ಆಕೆಗೆ ವಿವರಿಸಿದರು. ಆ ಆಲೂಗಡ್ಡೆ, ಈ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದ ಬೆಳೆಗಳು. ಒಂದು ಶೆರ್ಪಾರ ಹೊಲ ಸೇರಿತು, ಇನ್ನೊಂದು ನಮ್ಮದನ್ನು.

ಆ ದಾರಿಯಲ್ಲಿ ಹೊರೆಯಾಳುಗಳನ್ನು ನೋಡದೆ ನಡೆಯುವಂತಿಲ್ಲ. ಹಣೆಗೆ ‘ನಮ್ಲೊ’ ಎಂಬ ಪಟ್ಟಿ ಬಿಗಿದು, ಬೆನ್ನ ಮೇಲೆ ಬುಟ್ಟಿ ಹೊತ್ತು, ಕೈಯಲ್ಲಿ ‘ತೋಕ್ಮಾ’ ಎಂಬ ಗಿಡ್ಡ ಊರುಗೋಲು ಹಿಡಿದು ಅವರು ಏರುತ್ತಾರೆ. ದಣಿದಾಗ ಕುಳಿತುಕೊಳ್ಳುವುದಿಲ್ಲ, ಆ ಕೋಲನ್ನೇ ಹೊರೆಯ ಕೆಳಗೆ ಕೊಟ್ಟು ನಿಂತಲ್ಲೇ ಉಸಿರು ತೆಗೆದುಕೊಳ್ಳುತ್ತಾರೆ. ಪ್ಲೈವುಡ್ ಹಲಗೆ, ಅಕ್ಕಿ ಮೂಟೆ, ನಮ್ಮಂಥವರ ಚೀಲ, ಎಲ್ಲವೂ ಅದೇ ಹಣೆಯ ಮೇಲೆ. ಬ್ಯಾಡಗಿಯ ಮಿತ್ರರು ನಾಮ್ಚೆಯ ಶನಿವಾರದ ಸಂತೆಯಲ್ಲಿ ಒಬ್ಬನ ಹೊರೆಯನ್ನು ಎತ್ತಿ ನೋಡಲು ಹೋಗಿ ಎತ್ತಲಾಗದೆ ಬಿಟ್ಟರು. “ನಮ್ಮ ಪ್ಯಾಟ್ಯಾಗ ಹಮಾಲರು ಚೀಲ ಹೊರೋದು ಲಾರಿಯಿಂದ ಅಂಗಡಿಗೆ ನೂರು ಹೆಜ್ಜೀರಿ. ಇವರದು ಮೂರು ದಿನದ ಹಾದಿ” ಎಂದರು. ಅಂದಿನಿಂದ ಅವರು ತಮ್ಮ ಚೀಲದ ಅರ್ಧ ಸಾಮಾನನ್ನು ತಾವೇ ಹೊತ್ತರು.

ಲೋಬುಚೆಗೆ ಹೋಗುವಾಗ ಥುಕ್ಲಾ ಎಂಬಲ್ಲಿ ಒಂದು ಕಡಿದಾದ ಏರು. ಏರಿದ ಮೇಲೆ ಬಯಲು. ಆ ಬಯಲಿನ ತುಂಬ ಕಲ್ಲಿನ ಗುಪ್ಪೆಗಳು, ಬಣ್ಣದ ಪತಾಕೆಗಳು. ಪರ್ವತದಲ್ಲಿ ಮಡಿದವರ ಸ್ಮಾರಕಗಳವು. ದೇಶವಿದೇಶದವರ ಹೆಸರುಗಳಿವೆ; ಶೆರ್ಪಾರವು ಹಲವು. 1999ರಲ್ಲಿ ಆಮ್ಲಜನಕದ ನೆರವಿಲ್ಲದೆ ಎವರೆಸ್ಟಿನ ತುದಿಯಲ್ಲಿ 21 ಗಂಟೆ ಕಳೆದು, 2001ರಲ್ಲಿ ಅದೇ ಬೆಟ್ಟದ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ ಬಾಬು ಚಿರಿ ಶೆರ್ಪಾರ ಸ್ಮಾರಕ ಅಲ್ಲಿದೆ. ನನಗೆ ಹಾವೇರಿಯ ಸಿದ್ಧೇಶ್ವರ ಗುಡಿಯ ಆವರಣ ನೆನಪಾಯಿತು. ನಮ್ಮ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ಎಂದರೆ ಕೈಲಾಸ. ತುರು ಕಾಯುತ್ತ ಸತ್ತವನನ್ನು ನಮ್ಮ ಶಿಲ್ಪಿ ಕಲ್ಲಿನಲ್ಲೇ ಹಿಮಾಲಯಕ್ಕೆ ಏರಿಸಿದ. ಇಲ್ಲಿ ಸತ್ತವರು ಕಾದದ್ದು ಯಾರ ತುರುವನ್ನು? ಬಹುಮಟ್ಟಿಗೆ ಪರರ ಆಸೆಯನ್ನು. 2014ರ ಏಪ್ರಿಲ್ 18ರಂದು ಖುಂಬು ಹಿಮಪ್ರವಾಹದಲ್ಲಿ ಬಂಡೆಯಂಥ ಮಂಜು ಕುಸಿದು ಸತ್ತ 16 ಜನರೂ ಕೂಲಿಗಾಗಿ ದಾರಿ ಸಿದ್ಧಪಡಿಸುತ್ತಿದ್ದ ನೇಪಾಳಿಗಳು. ನಮ್ಮ ಮಾರ್ಗದರ್ಶಕರು ಒಂದು ಗುಪ್ಪೆಯ ಮುಂದೆ ಟೋಪಿ ತೆಗೆದು ನಿಂತರು. ಯಾರೆಂದು ನಾವು ಕೇಳಲಿಲ್ಲ.

ಲೋಬುಚೆಯಲ್ಲಿ ಹಾವೇರಿಯ ಮಿತ್ರರಿಗೆ ರಾತ್ರಿಯಿಡೀ ತಲೆನೋವು. ಬೆಳಿಗ್ಗೆ ಅವರು ಅದನ್ನು ಹೇಳಲಿಲ್ಲ. ಬಿಸಿಲು ಕನ್ನಡಕ ಏರಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಟು ನಿಂತರು. ಗಟ್ಟಿಗರ ತೊಂದರೆಯೇ ಇದು. ಅವರು ಬೂಟಿನ ದಾರ ಕಟ್ಟುವಾಗ ತಡವರಿಸಿದ್ದನ್ನು ಮಾರ್ಗದರ್ಶಕರು ಗಮನಿಸಿದ್ದರು. ಅಂಗಳದಲ್ಲಿ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ಅದರ ಮೇಲೆ ನಡೆಯಿರಿ ಎಂದರು. ನಾಲ್ಕನೆಯ ಹೆಜ್ಜೆಗೆ ಮಿತ್ರರು ಓಲಿದರು. ಇದು ಮಿದುಳಿನಲ್ಲಿ ಬಾವು ಬರುತ್ತಿರುವುದರ ಗುರುತು. ಇಂಥವರನ್ನು ಇಳಿಸದಿದ್ದರೆ ಒಂದೇ ದಿನದಲ್ಲಿ ಪ್ರಾಣ ಹೋಗಬಹುದು. ಮಿತ್ರರು ವಾದಿಸಿದರು. ಇಷ್ಟು ದುಡ್ಡು ಕಟ್ಟಿದ್ದೇನೆ, ಸಂಜೆಯವರೆಗೆ ನೋಡೋಣ, ನನ್ನ ದೇಹ ನನಗೆ ಗೊತ್ತು ಎಂದೆಲ್ಲ. ಮಾರ್ಗದರ್ಶಕರು ದನಿಯೇರಿಸಲಿಲ್ಲ. ಸಹಾಯಕನನ್ನು ಕರೆದು ಅವರ ಚೀಲವನ್ನು ಅವನ ಬೆನ್ನಿಗೆ ಕಟ್ಟಿಸಿದರು. “ಚೀಲ ಕೆಳಗೆ ಹೋಗುತ್ತದೆ, ದಾಯಿ. ನೀವೂ ಅದರ ಜೊತೆ ಹೋಗಿ” ಎಂದರಷ್ಟೆ. ಫೆರಿಚೆಯಲ್ಲಿ 1973ರಿಂದ ಪರ್ವತರೋಗಕ್ಕೆಂದೇ ಒಂದು ಚಿಕಿತ್ಸಾಲಯವಿದೆ. ಸುಮಾರು 600 ಮೀಟರು ಇಳಿದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವರ ನಡಿಗೆ ನೆಟ್ಟಗಾಗಿತ್ತಂತೆ. ಎರಡು ದಿನ ಅವರು ಮಾರ್ಗದರ್ಶಕರ ಮೇಲೆ ಸಿಟ್ಟಾಗಿದ್ದರು. ಈಗಲೂ ಪೂರ್ತಿ ಇಳಿದಿಲ್ಲವೇನೋ ಎಂದು ನನಗೊಂದು ಗುಮಾನಿ.

ಶಿಖರದ ವಿಷಯ ಹೆಚ್ಚು ಹೇಳುವುದಿಲ್ಲ. ಬುಡದ ಶಿಬಿರದಲ್ಲಿ ಒಂದು ಮಧ್ಯಾಹ್ನ ಹಗ್ಗ ಹಿಡಿಯುವ ಪಾಠವಾಯಿತು. ನಡುರಾತ್ರಿ ಕಳೆದ ಮೇಲೆ ಹಣೆಗೆ ದೀಪ ಕಟ್ಟಿಕೊಂಡು ಹೊರಟೆವು. ಕಲ್ಲು ಮುಗಿದು ಹಿಮ ಬಂದಲ್ಲಿ ಬೂಟಿಗೆ ಉಕ್ಕಿನ ಹಲ್ಲುಗಳನ್ನು ಬಿಗಿದು, ಒಂದೇ ಹಗ್ಗಕ್ಕೆ ಎಲ್ಲರನ್ನೂ ಪೋಣಿಸಿದರು. ಬಿರುಕುಗಳ ಮೇಲೆ ಅಲ್ಯೂಮಿನಿಯಮ್ಮಿನ ಏಣಿ ಹಾಸಿತ್ತು. ಕೊನೆಗೆ ಗೋಡೆಯಂಥ ಹಿಮದ ಇಳಿಜಾರು. ಕಟ್ಟಿದ ಹಗ್ಗಕ್ಕೆ ಜುಮಾರ್ ಎಂಬ ಹಿಡಿಕೆ ಸಿಕ್ಕಿಸಿ, ಅದನ್ನು ಮೇಲೆ ತಳ್ಳಿ, ಎರಡು ಹೆಜ್ಜೆ ಇಟ್ಟು, ಹತ್ತು ಉಸಿರು ಎಣಿಸುವುದು. ತುದಿಯಲ್ಲಿ ಹತ್ತು ನಿಮಿಷ ಇದ್ದೆವು. ಅಲ್ಲಿಂದ ಎವರೆಸ್ಟು ಕಾಣುವುದಿಲ್ಲ. 8,516 ಮೀಟರಿನ ಲ್ಹೋತ್ಸೆಯ ಗೋಡೆ ಅಡ್ಡ ನಿಂತಿದೆ. ಊರಿಗೆ ಬಂದ ಮೇಲೆ ಇದನ್ನು ಕೇಳಿದವರೆಲ್ಲರ ಮುಖ ಸಪ್ಪಗಾಯಿತು. ಆದರೆ ಒಂದು ಮಾತು: 1953ರಲ್ಲಿ ಎವರೆಸ್ಟಿಗೆ ಹೊರಟ ತಂಡದ ಕೆಲವರು, ತೇನ್‌ಸಿಂಗರೂ ಸೇರಿ, ಮೊದಲು ಈ ಬೆಟ್ಟದ ಮೇಲೆ ಮೈ ಒಗ್ಗಿಸಿಕೊಂಡರು. ನಮಗೆ ಶಿಖರವಾದದ್ದು ಅವರಿಗೆ ಗರಡಿ.

ಮಾರ್ಗದರ್ಶಕರಿದ್ದರೆ ಭಯವಿಲ್ಲ ಎಂದು ಯಾರೂ ತಿಳಿಯಬಾರದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದ ಮೇಲೆ ತರಬೇತಿ ತಂಡದ 29 ಜನ ಹಿಮಕುಸಿತಕ್ಕೆ ಬಲಿಯಾದರು. ಅವರ ಜೊತೆ ನುರಿತ ಶಿಕ್ಷಕರೇ ಇದ್ದರು. 2024ರ ಜೂನ್ ಮೊದಲ ವಾರದಲ್ಲಿ ಸಹಸ್ರತಾಲದ ಚಾರಣಕ್ಕೆ ಹೋಗಿದ್ದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಕರೂ ಸೇರಿ 22 ಜನರಲ್ಲಿ 9 ಜನ ತೀರಿಕೊಂಡರು. ಅಲ್ಲಿ ಏರಬೇಕಾದ ಶಿಖರವೂ ಇರಲಿಲ್ಲ, ಅದೊಂದು ನಡಿಗೆ. ಅವರ ವಯಸ್ಸುಗಳನ್ನು ಪತ್ರಿಕೆಯಲ್ಲಿ ಓದಿದ ದಿನ ನಾವು ಮೂವರೂ ರಾಣೇಬೆನ್ನೂರಿನಲ್ಲಿ ಕೂಡಿದ್ದೆವು. ಹೆಚ್ಚು ಮಾತಾಡಲಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಹಿಮಾಲಯಕ್ಕೆ ಹೋಗಬೇಕೆಂದಾಗ, ದರ ಕೇಳುವ ಮೊದಲು ತಂಗುವ ದಿನಗಳೆಷ್ಟು, ಹವೆ ಕೆಟ್ಟರೆ ತಿರುಗಿಸುವವರು ಯಾರು, ಅವರ ಮಾತು ನಡೆಯುತ್ತದೆಯೇ ಎಂದು ಕೇಳಿರಿ ಎನ್ನುತ್ತೇನೆ. ಅವಕಾಶವಿದ್ದವರು ಉತ್ತರಕಾಶಿಯಲ್ಲಿ 1965ರಿಂದ, ಡಾರ್ಜಿಲಿಂಗಿನಲ್ಲಿ 1954ರಿಂದ ನಡೆದಿರುವ ಸಂಸ್ಥೆಗಳಲ್ಲಿ ನಾಲ್ಕು ವಾರ ಕಲಿತು ಹೋಗುವುದು ಇನ್ನೂ ಮೇಲು.

ಶಿಖರದ ಬುಡದಲ್ಲೇ ಇಮ್ಜಾ ಎಂಬ ಕೆರೆಯಿದೆ. ಶಿಪ್ಟನ್ನರ ಕಾಲದಲ್ಲಿ ಅಲ್ಲಿ ಕೆರೆಯೆನ್ನುವಂಥದು ಇರಲಿಲ್ಲ. ಹಿಮನದಿ ಕರಗಿ, ಹೊಂಡಗಳು ಕೂಡಿ, ಈಗ ಒಂದು ಚದರ ಕಿಲೋಮೀಟರಿಗೂ ಮಿಕ್ಕ ನೀರು. ಕಟ್ಟೆಯೆಂದರೆ ಹಿಮನದಿ ತಳ್ಳಿ ತಂದ ಕಲ್ಲುಮಣ್ಣಿನ ರಾಶಿ. ಅದು ಒಡೆದರೆ ಕೆಳಗಿನ ಹಳ್ಳಿಗಳ ಗತಿಯೇನೆಂದು 2016ರಲ್ಲಿ ನೇಪಾಳದ ಸೈನ್ಯ ಕಾಲುವೆ ತೋಡಿ ನೀರನ್ನು ಮೂರು ಮೀಟರಿಗಿಂತ ಹೆಚ್ಚು ಇಳಿಸಿತು. ಮದಗ-ಮಾಸೂರಿನ ಕೆರೆಯ ಏರಿ ನೋಡಿ ಬೆಳೆದ ನಮಗೆ ಆ ತೂಬು ಬಹಳ ಚಿಕ್ಕದಾಗಿ ಕಂಡಿತು. ಮಾರ್ಗದರ್ಶಕರ ಮನೆ ದಿಂಗ್‌ಬೋಚೆಯಲ್ಲಿ, ಆ ನೀರು ಹರಿಯುವ ದಾರಿಯ ಪಕ್ಕದಲ್ಲೇ.

2024ರ ಆಗಸ್ಟ್ 16ರಂದು ಪಕ್ಕದ ಕಣಿವೆಯಲ್ಲಿ ಇಂಥದೇ ಹಿಮದ ಕೆರೆಯ ನೀರು ನುಗ್ಗಿ, ತೇನ್‌ಸಿಂಗರು ಬಾಲ್ಯ ಕಳೆದ ಥಾಮೆ ಹಳ್ಳಿಯ ಮನೆಗಳನ್ನೂ ಶಾಲೆಯನ್ನೂ ಹಾಳುಗೆಡವಿತು. ಸುದ್ದಿ ತಿಳಿದ ಕೂಡಲೆ ದಿಂಗ್‌ಬೋಚೆಗೆ ಮೊದಲು ಫೋನು ಮಾಡಿದವರು ಹಾವೇರಿಯ ಮಿತ್ರರು. ಅತ್ತ ಕಡೆಯಿಂದ ಮಾರ್ಗದರ್ಶಕರು, ನಮ್ಮ ನೀರು ಸದ್ಯಕ್ಕೆ ಸುಮ್ಮನಿದೆ, ಆಲೂಗಡ್ಡೆ ಕೀಳುವ ಕೆಲಸ ಹತ್ತಿದೆ, ಅಕ್ಟೋಬರಿಗೆ ಎಂಟು ಜನರ ತಂಡ ಬರುವುದಿದೆ ಎಂದರಂತೆ.