ಏಳು ಕಂಠ, ಒಂದು ಶ್ರುತಿ



ಪ್ರೌಢಶಾಲೆಯ ಮಕ್ಕಳು ಒಟ್ಟಾಗಿ ಹಾಡುವ, ಒಟ್ಟಾಗಿ ನುಡಿಸುವ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪೇಕ್ಷಿಸಿದ್ದೀರಿ. ಕಾಸರಗೋಡು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದ ನನಗೆ ಇದು ಭಾಷಣದ ವಿಷಯಕ್ಕಿಂತ ಹೆಚ್ಚಾಗಿ ಬಾಳಿನ ಅನುಭವ. ಅದರಲ್ಲಿ ಸಂತೋಷವೂ ಇದೆ, ಒಂದು ತಪ್ಪಿನ ನೆನಪೂ ಇದೆ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕೆಲವೇ ತಿಂಗಳುಗಳಲ್ಲಿ, 1957ರ ಜನವರಿಯಲ್ಲಿ, ಎರ್ನಾಕುಳಂನಲ್ಲಿ ಕೇರಳದ ಮೊದಲ ಶಾಲಾ ಕಲೋತ್ಸವ ನಡೆಯಿತು. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂಬ ನಾಲ್ಕು ಮೆಟ್ಟಿಲುಗಳ ಈ ಉತ್ಸವದಲ್ಲಿ ನಮ್ಮ ಕನ್ನಡ ಮಕ್ಕಳೂ ಮಲಯಾಳಂ ಮಕ್ಕಳೊಂದಿಗೆ ಪಾಲುಗೊಳ್ಳುತ್ತ ಬಂದಿದ್ದಾರೆ. ಸಂಘಗಾನ, ದೇಶಭಕ್ತಿಗೀತೆ, ವೃಂದವಾದ್ಯ, ಬ್ಯಾಂಡ್ ಮೇಳಗಳ ಜೊತೆಗೆ ನಮ್ಮ ಯಕ್ಷಗಾನಕ್ಕೂ ಅಲ್ಲಿ ಸ್ಥಾನವಿದೆ. 2019ರ ನವೆಂಬರ್ ಕೊನೆಯಲ್ಲಿ ರಾಜ್ಯ ಕಲೋತ್ಸವವು ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಿತ್ತು.

ಸಂಘಗಾನಕ್ಕೆ ಏಳು ಮಂದಿ. ಕೇಳುವುದಕ್ಕೆ ಸುಲಭ, ಕೂಡಿಸುವುದು ಕಷ್ಟ. ಸಂಜೆಯ ಗಂಟೆ ಬಾರಿಸಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಶ್ರುತಿಪೆಟ್ಟಿಗೆಯ ಮುಂದೆ ಮಕ್ಕಳನ್ನು ನಿಲ್ಲಿಸಿದರೆ, ಮೊದಲ ವಾರ ಪ್ರತಿಯೊಬ್ಬರೂ ತಮ್ಮ ಸ್ವರವೇ ಮೇಲೆ ಕೇಳಬೇಕೆಂದು ಹಾಡುತ್ತಾರೆ. ಎರಡನೆಯ ವಾರದಲ್ಲಿ ಪಕ್ಕದವರ ಸ್ವರ ಕಿವಿಗೆ ಬೀಳತೊಡಗುತ್ತದೆ. ಮೂರನೆಯ ವಾರದಲ್ಲಿ ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಸಾಲನ್ನು ಹಿಡಿದಿಡುತ್ತಾರೆ. ಸಂಗೀತ ಹುಟ್ಟುವುದು ಅಲ್ಲಿಂದ. ವೇದಿಕೆಯ ಹತ್ತು ನಿಮಿಷ ಅದರ ಫಲ ಮಾತ್ರ.

ಇನ್ನು ನನ್ನ ತಪ್ಪಿನ ಮಾತು. ಒಂದು ವರ್ಷ ಉಪಜಿಲ್ಲಾ ಸ್ಪರ್ಧೆಗೆ ಕೆಲವೇ ದಿನಗಳಿರುವಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಕಂಠ ಒಡೆಯಿತು. ಆ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಸ್ವರತಂತುಗಳು ಉದ್ದವಾಗಿ, ಗಂಡುಮಕ್ಕಳ ದನಿ ಕೆಳಗಿಳಿಯುವುದು ಸಹಜ. ಮೇಲಿನ ಷಡ್ಜದಲ್ಲಿ ಅವನ ದನಿ ಬಿರಿಯುತ್ತಿತ್ತು. ನಾನು ಅವನನ್ನು ತೆಗೆದು ಬೇರೊಬ್ಬನನ್ನು ಸೇರಿಸಿದೆ. ನಮಗೆ ‘ಎ’ ಗ್ರೇಡು ಬಂತು. ಶಾಲೆಯಲ್ಲಿ ಸಿಹಿ ಹಂಚಿದೆವು. ಆ ಹುಡುಗ ಮತ್ತೆ ಹಾಡಿನ ಕಡೆಗೆ ಬರಲಿಲ್ಲ. ಈಗ ಅವನೂ ತಮ್ಮಂತೆ ಕೊಲ್ಲಿಯ ನಾಡಿನಲ್ಲಿ ದುಡಿಯುತ್ತಿದ್ದಾನೆ. ರಜೆಯಲ್ಲಿ ಊರಿಗೆ ಬಂದವನು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ಮಾಷ್ಟ್ರೇ, ಆ ಹಾಡಿನ ಕೊನೆಯ ಚರಣ ನನಗೆ ಈಗಲೂ ಬಾಯಿಪಾಠ ಉಂಟು” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

ಮಾಡಬೇಕಾಗಿದ್ದುದು ಇಷ್ಟೇ: ಶ್ರುತಿಯನ್ನು ಒಂದೆರಡು ಸ್ವರದಷ್ಟು ಇಳಿಸಬಹುದಾಗಿತ್ತು, ಮೇಲಿನ ಸಾಲುಗಳಲ್ಲಿ ಅವನನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡಿಸಬಹುದಾಗಿತ್ತು. ಗ್ರೇಡು ಒಂದು ಮೆಟ್ಟಿಲು ಇಳಿಯುತ್ತಿತ್ತೋ ಏನೋ. ಏಳು ಮಂದಿ ಏಳಾಗಿಯೇ ಉಳಿಯುತ್ತಿದ್ದರು. ಸ್ಪರ್ಧೆಯ ಬಿಸಿ ನನ್ನೊಬ್ಬನ ದೌರ್ಬಲ್ಯವೂ ಅಲ್ಲ. ವೇಷಭೂಷಣಕ್ಕೆ ಸಾಲ ಮಾಡುವ ತಂದೆತಾಯಿಗಳನ್ನೂ, ತೀರ್ಪಿನ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರುವವರನ್ನೂ ಕಲೋತ್ಸವ ಕಂಡಿದೆ. ಕಲಾಪ್ರತಿಭಾ, ಕಲಾತಿಲಕ ಎಂಬ ಬಿರುದುಗಳನ್ನು ಈ ಶತಮಾನದ ಮೊದಲ ದಶಕದಲ್ಲಿ ಕೈಬಿಡಲಾಯಿತು.

ಈಗ ಯಾನ್ಬುವಿನ ಮಾತಿಗೆ ಬರೋಣ. ಈ ದೇಶದ ಶಾಲೆಗಳಲ್ಲಿ ಸಂಗೀತಕ್ಕೆ ಬಹುಕಾಲ ಸ್ಥಾನವಿರಲಿಲ್ಲ. ಕಾಲ ಬದಲಾಗಿದೆ; 2020ರಲ್ಲಿ ಇಲ್ಲಿಯ ಸಂಸ್ಕೃತಿ ಸಚಿವಾಲಯದ ಅಡಿಯಲ್ಲಿ ಸಂಗೀತ ಆಯೋಗವೇ ಸ್ಥಾಪನೆಯಾಯಿತು. ಆದರೆ ಈ ಊರಿಗೆ ಸಂಗೀತ ಹೊಸದಲ್ಲ. ಕೆಂಪು ಸಮುದ್ರದ ನಾವಿಕರೂ ಬೆಸ್ತರೂ ಸಿಂಸಿಮಿಯ್ಯಾ ಎಂಬ ತಂತಿವಾದ್ಯವನ್ನು ಮೀಟುತ್ತ, ಸುತ್ತ ಕುಳಿತವರೆಲ್ಲ ಚಪ್ಪಾಳೆ ತಟ್ಟಿ ದನಿಗೂಡಿಸುತ್ತ ಬಂದ ತೀರವಿದು. ಮೊದಲು ಅದಕ್ಕಿದ್ದುದು ಐದೇ ತಂತಿ. 2024ರಲ್ಲಿ ಈಜಿಪ್ಟ್ ಮತ್ತು ಸೌದಿ ಅರೇಬಿಯಾಗಳ ಹೆಸರಿನಲ್ಲಿ ಯುನೆಸ್ಕೊ ಈ ವಾದ್ಯದ ತಯಾರಿಕೆಯನ್ನೂ ವಾದನವನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಹಾಡುವವರು, ಕೇಳುವವರು ಎಂಬ ಗೆರೆ ತೆಳ್ಳಗಿದೆ. ನಮ್ಮ ಭಜನೆಯಂತೆ, ಸೋಬಾನೆಯಂತೆ, ಬಂದವರೆಲ್ಲರೂ ಮೇಳದವರೇ.

ತಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಓದಲು ಬಾರದು. ಆದರೆ ಹಾಡಿನ ಮೂಲಕ ಬಂದ ಮಾತು ನಾಲಿಗೆಯ ಮೇಲೆ ನಿಲ್ಲುತ್ತದೆ. ‘ಳ’ಕಾರವೂ ಒತ್ತಕ್ಷರವೂ ಗದರಿಕೆಯಿಲ್ಲದೆ ನೆಟ್ಟಗಾಗುತ್ತವೆ. ಯಾವ ಹಾಡಿನಿಂದ ಪ್ರಾರಂಭಿಸೋಣ ಎಂದು ಕೇಳುವಿರಾದರೆ, 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಕುವೆಂಪು ಅವರ ರಚನೆ ಇದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಗೊತ್ತುಮಾಡಿತು. ಧಾಟಿಯ ಬಗ್ಗೆ ವಿವಾದ ನಡೆದದ್ದೂ ಉಂಟು. ಮನೆಗೊಂದು ಧಾಟಿಯಲ್ಲಿ ಕಲಿತ ಮಕ್ಕಳು ಕೂಡಿ ಹಾಡಲಾರರು. ಆದುದರಿಂದ ಎಲ್ಲ ಮನೆಗಳಲ್ಲೂ ಒಂದೇ ಧಾಟಿ ಅಭ್ಯಾಸವಾಗಲಿ.

ವಾರಕ್ಕೊಮ್ಮೆ, ರಜೆಯ ದಿನ, ಯಾರಾದರೊಬ್ಬರ ಮನೆಯಲ್ಲಿ ಒಂದು ಗಂಟೆ ಸಾಕು. ಕಂಠ ಒಡೆದವನಿಗೆ ತಾಳ ಕೊಡಿ, ಇಲ್ಲವೆ ಶ್ರುತಿ ಇಳಿಸಿ. ಅಂಜುವವಳನ್ನು ಗಟ್ಟಿಗಳ ಪಕ್ಕದಲ್ಲಿ ನಿಲ್ಲಿಸಿ. ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಓದಿಗಾಗಿ ಊರು ಬಿಟ್ಟು ಹೋಗುವುದು ಇಲ್ಲಿಯ ನಿಯಮವೇ ಆಗಿದೆ. ಹೋಗುವವರು ಕಿರಿಯರಿಗೆ ಒಂದು ಹಾಡು ಕಲಿಸಿ ಹೋಗಲಿ. ಆಗ ಮೇಳ ಮುರಿಯುವುದಿಲ್ಲ.

ರಾಜ್ಯೋತ್ಸವದ ವೇದಿಕೆಯಲ್ಲಿ ಒಂದು ಸ್ವರ ಅಪಸ್ವರವಾದರೆ ದಯವಿಟ್ಟು ನಗಬೇಡಿ. ಆ ಮಗು ಇನ್ನೂ ಸಾಲಿನಲ್ಲೇ ನಿಂತಿದೆಯಲ್ಲವೇ, ಅಷ್ಟನ್ನು ನೋಡಿ. ನಾನು ನೋಡದೆ ಹೋದೆ, ತಾವು ನೋಡಿ.