ಥ್ಯಾಂಕ್ಸ್‌ಗಿವಿಂಗ್ ಊಟ ಯಾರ ಮನೆಯಲ್ಲಿ?



ಅಮೆರಿಕದಲ್ಲಿ ನಮ್ಮ ಯುಗಾದಿ, ದೀಪಾವಳಿ ವಾರದ ನಡುವೆ ಬಂದರೆ ಕೂಟ ಶನಿವಾರಕ್ಕೆ ಜರುಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಾಗಲ್ಲ. 1941ರ ಕಾನೂನಿನಂತೆ ನವೆಂಬರಿನ ನಾಲ್ಕನೆಯ ಗುರುವಾರ ದೇಶಕ್ಕೇ ರಜೆ. ಬಳಗವೆಲ್ಲ ಒಟ್ಟಿಗೆ ಕೂತು ಉಣ್ಣಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಆದರೆ ಯಾರ ಮನೆಯಲ್ಲಿ, ಏನಡುಗೆ? ಪ್ರತಿ ವರ್ಷ ಇದೇ ಚರ್ಚೆ. ದೊಡ್ಡ ಮನೆಯವರನ್ನು ಕೇಳುವುದು ರೂಢಿ. ನಮ್ಮ ಸಲಹೆ ಬೇರೆ. ಬರಲಾಗದವರು ಯಾರೆಂದು ಮೊದಲು ನೋಡೋಣ. ಕಾರು ಓಡಿಸಲಾಗದ ಹಿರಿಯರು ಒಪ್ಪಿದರೆ ಅವರ ಮನೆಯಲ್ಲೇ ಸೇರೋಣ. ಅಡುಗೆ ನಾವು ಒಯ್ಯೋಣ, ಪಾತ್ರೆಯನ್ನೂ ನಾವೇ ತೊಳೆದಿಟ್ಟು ಬರೋಣ. ಹಾಸ್ಟೆಲ್ ಖಾಲಿಯಾದಾಗ ಒಬ್ಬರೇ ಉಳಿಯುವ ವಿದ್ಯಾರ್ಥಿಗಳನ್ನು ಮರೆಯದೆ ಕರೆತರೋಣ.

ಅಡುಗೆಗೂ ಜಗಳ ಬೇಡ. ಮಕ್ಕಳಿಗೆ ಪಂಪ್ಕಿನ್ ಪೈ, ಅಜ್ಜ-ಅಜ್ಜಿಯರಿಗೆ ಸಿಹಿಗುಂಬಳದ ಹುಳಿ. ತರಕಾರಿ ಒಂದೇ ತಾನೆ! ಟರ್ಕಿ ಬೇಕೆನ್ನುವವರಿಗೆ ಬೇರೆ ಮೇಜು, ಬೇರೆ ಸೌಟು. ಈರುಳ್ಳಿ-ಬೆಳ್ಳುಳ್ಳಿ ಹಾಕಿದ್ದಕ್ಕೆ ಚೀಟಿ ಅಂಟಿಸಿ. ಬಿಸಿಬೇಳೆ ಬಾತ್ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಬಡಿಸಿ, ಮಿಕ್ಕಿದ್ದನ್ನು ಫ್ರಿಜ್ಜಿಗೆ ಸೇರಿಸಿ.

ಈ ಸಲದ ನಿಮ್ಮ ದೇಣಿಗೆಯಲ್ಲಿ ಒಂದು ಪಾಲು ಇಂಥವರನ್ನು ಕರೆತಂದು ಮನೆ ಮುಟ್ಟಿಸುವ ಖರ್ಚಿಗಿರಲಿ. ಹಬ್ಬದ ದಿನ ನಮ್ಮವರು ಯಾರೂ ಒಬ್ಬರೇ ಕೂತು ಉಣ್ಣಬಾರದು.