ಸಂನ್ಯಾಸಿಗಳ ವಿದ್ಯಾಲಯ, ಕನ್ನಡದ ಸಂಘ

ರಾಯಬಾಗದ ಕಡೆಯ ದಿಗ್ಗೇವಾಡಿಯಿಂದ ಉಚ್ಚ ಶಿಕ್ಷಣಕ್ಕೆಂದು ಬೆಂಗಳೂರಿಗೆ ಹೊರಟ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಕನ್ನಡ ಮರಾಠಿಗಳೆರಡೂ ಒಂದೇ ಸಂತೆಯಲ್ಲಿ ಸಲ್ಲುವ ಸೀಮೆ ಅವನದು. ಅವನು ಸೇರುವುದು ಕ್ಯಾಥೊಲಿಕ್ ಸಂನ್ಯಾಸಿಗಳು ನಡೆಸುವ, ಇಂಗ್ಲಿಷಿನಲ್ಲಿ ಪಾಠ ಹೇಳುವ ವಿಶ್ವವಿದ್ಯಾಲಯವನ್ನು. ಅಲ್ಲಿ ಅವನ ಕನ್ನಡದ ಗತಿ ಏನು?

ಕ್ರೈಸ್ಟ್ ವಿಶ್ವವಿದ್ಯಾಲಯದ ಚರಿತ್ರೆ ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಡುತ್ತದೆ. ಇದನ್ನು ನಡೆಸುವ ಸಿ.ಎಂ.ಐ. ಸಭೆ ಕೇರಳದ ಮಾನ್ನಾನಂನಲ್ಲಿ 1831ರಲ್ಲಿ ಹುಟ್ಟಿದ್ದು. ಅದರ ಸ್ಥಾಪಕರಲ್ಲೊಬ್ಬರಾದ ಕುರಿಯಾಕೋಸ್ ಏಲಿಯಾಸ್ ಚಾವರ ಅವರು 1846ರಲ್ಲಿ ಅಲ್ಲಿ ಸಂಸ್ಕೃತ ಶಾಲೆಯನ್ನು ತೆರೆದರು, ಮುದ್ರಣಾಲಯವನ್ನೂ ನಡೆಸಿದರು. ಪ್ರತಿಯೊಂದು ಇಗರ್ಜಿಯ ಪಕ್ಕದಲ್ಲಿ ಒಂದು ಶಾಲೆ ಇರಬೇಕೆಂಬುದು ಅವರ ಕಟ್ಟಳೆ. ನೆಲದ ವಿದ್ಯೆಯನ್ನೂ ಅಚ್ಚಿನ ಮೊಳೆಯನ್ನೂ ಗೌರವಿಸಿದ ಆ ಪರಂಪರೆಯವರು 1969ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ಟ್ ಕಾಲೇಜನ್ನು ಆರಂಭಿಸಿದರು.

ಆ ಕಾಲೇಜಿನಲ್ಲಿ ಕನ್ನಡಕ್ಕೆ ನೆಲೆ ಕಟ್ಟಿದವರು ಅಧ್ಯಾಪಕರೂ ಕವಿ ನಾಟಕಕಾರರೂ ಆಗಿದ್ದ ಚಿ. ಶ್ರೀನಿವಾಸರಾಜು ಅವರು. ಎಪ್ಪತ್ತರ ದಶಕದಲ್ಲಿ ಅವರು ಬೆಳೆಸಿದ ಕನ್ನಡ ಸಂಘ ರಾಜ್ಯೋತ್ಸವದ ದಿನ ಬಾವುಟ ಏರಿಸಿ ಸುಮ್ಮನಾಗುವ ಸಂಘವಾಗಿರಲಿಲ್ಲ. ಅದು ವಿದ್ಯಾರ್ಥಿಗಳಿಂದ ಬರೆಯಿಸಿತು, ಬರೆದುದನ್ನು ಪ್ರಕಟಿಸಿತು, ನೂರಕ್ಕೂ ಮಿಕ್ಕಿದ ಪುಸ್ತಕಗಳನ್ನು ಕನ್ನಡಕ್ಕೆ ಕೊಟ್ಟಿತು. ಹಿಂದೆ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿ ತೋರಿದ ದಾರಿಯೇ ಇದು. ವ್ಯತ್ಯಾಸವಿಷ್ಟೆ: ಅದು ಸರಕಾರದ ಕಾಲೇಜು, ಇದು ಮಲಯಾಳ ನಾಡಿನಿಂದ ಬಂದ ಸಂನ್ಯಾಸಿಗಳ ಮನೆ.

ಈ ಸಂಘ ಅಂತರ ಕಾಲೇಜು ಕವನ ಸ್ಪರ್ಧೆಯೊಂದನ್ನು ಬೇಂದ್ರೆಯವರ ಸ್ಮೃತಿಗೆ ಮುಡಿಪಾಗಿಟ್ಟಿತು. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ; ಅವರು ಹಾಡಿದ್ದು ಕನ್ನಡದಲ್ಲಿ. ನಾಡಿನ ಬೇರೆಬೇರೆ ಊರುಗಳ ತರುಣರು ತಮ್ಮ ಮೊದಲ ಕವಿತೆಗಳನ್ನು ಕಳಿಸಿದ್ದು ಈ ಕ್ರೈಸ್ತ ವಿದ್ಯಾಲಯದ ವಿಳಾಸಕ್ಕೆ! ಭಾಷೆ ಜಾತಿ-ಮತದ ಸ್ವತ್ತಲ್ಲ, ದುಡಿದವರ ಸ್ವತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಶ್ರೀನಿವಾಸರಾಜು 2007ರಲ್ಲಿ ತೀರಿಕೊಂಡರು. ಮರುವರ್ಷವೇ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಜೆಸುಯಿಟರ ಸಂಸ್ಥೆಗಳೂ ಅದೇ ಹಾದಿಯಲ್ಲಿ ನಡೆದಿವೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು. 1880ರಲ್ಲಿ ಆರಂಭವಾದ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿಗೆ 2024ರಲ್ಲಿ ಡೀಮ್ಡ್ ಪದವಿ ದೊರೆಯಿತು.

ಕಾಲೇಜಾಗಿದ್ದಾಗ ಪಠ್ಯವನ್ನು ಗೊತ್ತುಮಾಡುವವರು ಹೊರಗಿದ್ದರು. ವಿಶ್ವವಿದ್ಯಾಲಯವಾದ ಮೇಲೆ ಆ ಅಧಿಕಾರ ಬಹುಮಟ್ಟಿಗೆ ಮನೆಯೊಳಗೇ ಬಂತು. ಅಧಿಕಾರದ ಜೊತೆಗೆ ಹೊಣೆಯೂ ಬಂತು. ಇನ್ನು ಕನ್ನಡಕ್ಕೆ ಎಷ್ಟು ಜಾಗ ಎಂಬುದನ್ನು ಮೇಲಿನವರ ಆಜ್ಞೆಯ ನೆಪ ಹೇಳಿ ದಾಟುವಂತಿಲ್ಲ. ಒಬ್ಬ ಮೇಷ್ಟ್ರ ಪ್ರೀತಿಯಿಂದ ನಡೆದ ಕೆಲಸವನ್ನು ಸಂಸ್ಥೆ ತನ್ನ ಸ್ವಭಾವವಾಗಿಸಿಕೊಳ್ಳಬೇಕು. ವ್ಯಕ್ತಿ ಅಳಿದರೂ ವ್ರತ ಉಳಿಯಲೆಂದೇ ಅಲ್ಲವೆ ಸಂನ್ಯಾಸಿಗಳು ಸಂಘ ಕಟ್ಟಿದ್ದು?

ದಿಗ್ಗೇವಾಡಿಯ ಹುಡುಗ ಆ ದೊಡ್ಡ ಬಾಗಿಲನ್ನು ದಾಟುವಾಗ ತನ್ನ ಮಾತನ್ನು ಹೊರಗೆ ಬಿಟ್ಟು ಬರಬೇಕಾಗಿಲ್ಲ ಎಂದೆನಿಸಿದರೆ, ವಿಶ್ವವಿದ್ಯಾಲಯವೆಂಬ ಹೆಸರಿನಲ್ಲಿರುವ ‘ವಿಶ್ವ’ ಸಾರ್ಥಕವಾಗುತ್ತದೆ.